ಇನ್ನೊಬ್ಬರ ಹೆಸರಿನ ಕಾಗದವೂ ಅಮಾನತ್

ಅಮಾನತ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಣ ಮತ್ತು ಚಿನ್ನ. ಹಜ್ಜ್‌ಗೆ ಹೊರಟವರು ನಂಬಿ ಒಪ್ಪಿಸಿ ಹೋದ ಒಡವೆಯ ಗಂಟನ್ನು ನಾವು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಆದರೆ ನೆರೆಯವರ ಹೆಸರಿಗೆ ಬಂದ ಕಾಗದವನ್ನು ಸಹಿ ಹಾಕಿ ಪಡೆದು ಕಿಟಕಿಯ ಮೇಲೆ ಇಟ್ಟು ಮರೆತುಬಿಡುತ್ತೇವೆ. ಪ್ರಿಯ ಓದುಗರೇ, ಈ ಎರಡರ ನಡುವೆ ಧರ್ಮವು ಅಂತಹ ಭೇದವನ್ನೇನೂ ಮಾಡಿಲ್ಲ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬ ಸೂರಃ ಅನ್ನಿಸಾದ 58ನೇ ಸೂಕ್ತದ ಆದೇಶದಲ್ಲಿ ವಸ್ತುವಿನ ಬೆಲೆಯ ಮಾತೇ ಇಲ್ಲ.

ಒಂದೇ ವಿಳಾಸದಲ್ಲಿ ಹಲವು ಹೆಸರುಗಳಿರುವುದು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಹೊಸತಲ್ಲ. ಯು.ಎ.ಇ.ಯಲ್ಲಿ ದಶಕಗಳ ಕಾಲ ಅಂಚೆಯವನು ಮನೆಬಾಗಿಲಿಗೆ ಬರುತ್ತಿರಲಿಲ್ಲ. ಗಂಗೊಳ್ಳಿ, ಶಿರೂರು, ಕಂಡ್ಲೂರುಗಳಿಂದ ಹೋದ ಕಾಗದ ಕಂಪೆನಿಯ ಪೋಸ್ಟ್ ಬಾಕ್ಸ್ ಸೇರಿ, ಅಲ್ಲಿಂದ ಯಾರದೋ ಕೈ ದಾಟಿ ಮಗನನ್ನು ತಲುಪಬೇಕಿತ್ತು. ಈಗ ಪತ್ರ ಬರೆಯುವವರಿಲ್ಲ, ನಿಜ. ಆದರೆ ಇಲ್ಲಿನ ಯುವಕರು ಬೆಂಗಳೂರು, ಮಂಗಳೂರುಗಳಲ್ಲಿ ಹಂಚಿಕೆಯ ಕಚೇರಿಗಳಲ್ಲಿ ಮೇಜು ಬಾಡಿಗೆಗೆ ಪಡೆದು ವ್ಯವಹಾರ ನಡೆಸುತ್ತಿದ್ದಾರೆ. ಕೋವರ್ಕಿಂಗ್ ಎಂದು ಅದರ ಹೆಸರು. ಕೆಲವರು ಅಲ್ಲಿ ಕೂರುವುದೂ ಇಲ್ಲ, ವಿಳಾಸಕ್ಕಾಗಿ ಮಾತ್ರ ತಿಂಗಳ ಹಣ ಕಟ್ಟುತ್ತಾರೆ. ಬಾಗಿಲ ಬಳಿ ಕುಳಿತು ಹತ್ತಾರು ವ್ಯಾಪಾರಿಗಳ ಅಂಚೆ ಪಡೆಯುವ ಹುಡುಗ ನಮ್ಮವನೇ ಆಗಿರಬಹುದು. ಊರಿನಲ್ಲಿ ಮಸೀದಿಯ ಕಚೇರಿಗೂ ಪೇಟೆಯ ಅಂಗಡಿಗೂ ಇದೇ ಕೆಲಸ ಬಂದೊದಗುತ್ತದೆ.

ಒಂದು ಲಕೋಟೆ ತಡವಾದರೆ ಏನಾದೀತು ಎನ್ನುವವರು ಇದನ್ನು ಗಮನಿಸಲಿ. ಚೆಕ್ ವಾಪಸಾದಾಗ, ಹಣ ಬರಬೇಕಾದವನು ಬ್ಯಾಂಕಿನಿಂದ ಸುದ್ದಿ ತಿಳಿದ 30 ದಿನಗಳೊಳಗೆ ನೋಟೀಸು ಕಳುಹಿಸುತ್ತಾನೆ. ಚೆಕ್ ಕೊಟ್ಟವನಿಗೆ ಅದು ತಲುಪಿದ ಮೇಲೆ ಹಣ ಕಟ್ಟಲು ಸಿಗುವುದು 15 ದಿನ. ಕಟ್ಟದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನನ್ವಯ ಕ್ರಿಮಿನಲ್ ಮೊಕದ್ದಮೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಹೋದ ನೋಟೀಸು ತಲುಪಿದೆಯೆಂದೇ ಭಾವಿಸಬೇಕು, ತಲುಪಿಲ್ಲವೆಂದು ಸಾಧಿಸುವ ಹೊರೆ ಚೆಕ್ ಕೊಟ್ಟವನದೇ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಮನ್ಸ್ ಬಂದ ಬಳಿಕವೂ 15 ದಿನಗಳೊಳಗೆ ಹಣ ಕಟ್ಟಿ ಪಾರಾಗಲು ಅದೇ ತೀರ್ಪು ದಾರಿಯಿಟ್ಟಿದೆ, ಆದರೆ ಅಷ್ಟರಲ್ಲಿ ಮಾನ ಹೋಗಿರುತ್ತದೆ. ಜಿ.ಎಸ್.ಟಿ. ಇಲಾಖೆ ಅಂಚೆಯಲ್ಲಿ ಕಳುಹಿಸುವ ನೋಟೀಸಿಗೂ ಹೆಚ್ಚು ಕಡಿಮೆ ಇದೇ ನಿಯಮ. ಹುಡುಗನ ಮೇಜಿನ ಖಾನೆಯಲ್ಲಿ ಮಲಗಿದ ಲಕೋಟೆ ಕಾನೂನಿನ ಕಣ್ಣಿಗೆ ತಲುಪಿಯಾಗಿದೆ. ವಿಳಾಸದಾರನಿಗೆ ಮಾತ್ರ ತಿಳಿದಿಲ್ಲ.

ಇಂತಹ ನಷ್ಟಕ್ಕೆ ಯಾರು ಹೊಣೆ? ಫಿಕ್ಹ್‌ನಲ್ಲಿ ಇದರ ಚರ್ಚೆ ವದೀಅತ್ ಎಂಬ ಅಧ್ಯಾಯದಲ್ಲಿ ಬರುತ್ತದೆ. ಪುಣ್ಯದ ಆಸೆಯಿಂದ ಪುಕ್ಕಟೆಯಾಗಿ ಕಾಯ್ದಿಟ್ಟವನು, ತನ್ನ ಕಡೆಯಿಂದ ಅಲಕ್ಷ್ಯವಾಗಲಿ ಮಿತಿಮೀರಿದ ವರ್ತನೆಯಾಗಲಿ ಇಲ್ಲದಿದ್ದರೆ ನಷ್ಟ ತುಂಬಿಕೊಡಬೇಕಾಗಿಲ್ಲ. ಮಳೆಗಾಲದ ನೆರೆಯಲ್ಲಿ ಅಂಗಡಿಯೇ ಮುಳುಗಿದರೆ ಅಂಗಡಿಯವನು ನಿರ್ದೋಷಿ. ಮಾಡು ಸೋರುವುದು ಗೊತ್ತಿದ್ದೂ ಅದರಡಿಯಲ್ಲೇ ಇಟ್ಟಿದ್ದರೆ ಹಾಗಲ್ಲ. ಕಾಯುವುದಕ್ಕೆ ಕೂಲಿ ಪಡೆದವನ ಸ್ಥಿತಿ ಇನ್ನೂ ಬಿಗಿ: 19ನೇ ಶತಮಾನದಲ್ಲಿ ಉಸ್ಮಾನೀ ಸರಕಾರ ಹನಫೀ ಫಿಕ್ಹ್ ಆಧರಿಸಿ ರಚಿಸಿದ ಮಜಲ್ಲಃದ 777ನೇ ಕಲಮಿನ ಪ್ರಕಾರ, ತಪ್ಪಿಸಬಹುದಾಗಿದ್ದ ಕಾರಣದಿಂದ ವಸ್ತು ಹಾಳಾದರೆ ಆತ ತುಂಬಿಕೊಡಬೇಕು. ವಿಳಾಸಕ್ಕೆಂದು ತಿಂಗಳ ಹಣ ಪಡೆಯುವ ಕಚೇರಿಯವರು ಈ ಸಾಲಿಗೇ ಸೇರುತ್ತಾರೆಂಬುದು ನನ್ನ ತಿಳುವಳಿಕೆ.

ಇನ್ನೊಂದು ಸೂಕ್ಷ್ಮವಿದೆ. ವಿಳಾಸದಾರ ಸಿಗಲಿಲ್ಲವೆಂದು ಅವನ ಗೆಳೆಯನ ಕೈಗೆ ಕೊಟ್ಟುಬಿಡುವುದು ನಮ್ಮಲ್ಲಿ ವಾಡಿಕೆ. ಹನಫೀ ಮದ್‌ಹಬ್‌ನಲ್ಲಿ ಅಮಾನತ್ತನ್ನು ತನ್ನ ಮನೆಮಂದಿಯ ಮೂಲಕ ಕಾಯಿಸಲು ಅವಕಾಶವಿದೆ. ಶಾಫಿಈ ಮದ್‌ಹಬ್‌ನಲ್ಲಿ ನೆವವಿಲ್ಲದೆ, ಮಾಲೀಕನ ಅನುಮತಿಯಿಲ್ಲದೆ ಅದೂ ಸಲ್ಲದು. ಎರಡೂ ಮದ್‌ಹಬ್‌ನವರು ಕಲೆತು ಬಾಳುವ ನಮ್ಮ ಕರಾವಳಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು. ಪ್ರವಾದಿವರ್ಯರು(ಸ) ಪ್ರಾಣಾಪಾಯದ ನಡುವೆ ಮಕ್ಕಾ ಬಿಡುವಾಗಲೂ, ತಮ್ಮಲ್ಲಿದ್ದ ಅಮಾನತ್ತುಗಳನ್ನು ಹಿಂತಿರುಗಿಸಲೆಂದು ಹಝ್ರತ್ ಅಲೀ(ರ)ಯವರನ್ನು ಹಿಂದೆ ನಿಲ್ಲಿಸಿ ಹೋದರು. ಹಾಗೆ ಇಟ್ಟವರಲ್ಲಿ ಶತ್ರುಗಳೂ ಇದ್ದರು.

ಕಾಗದವನ್ನು ಒಡೆಯುವ ವಿಷಯ. ಅನುಮತಿಯಿಲ್ಲದೆ ಸಹೋದರನ ಪತ್ರ ನೋಡುವವನು ಬೆಂಕಿಯನ್ನು ನೋಡುವವನಂತೆ ಎಂಬ ತಾತ್ಪರ್ಯದ ಹದೀಸನ್ನು ಪ್ರವಚನಗಳಲ್ಲಿ ಕೇಳಿರುತ್ತೀರಿ. ಅದನ್ನು ವರದಿ ಮಾಡಿದ ಇಮಾಮ್ ಅಬೂದಾವೂದರೇ ಅದರ ಸನದು ದುರ್ಬಲವೆಂದಿದ್ದಾರೆ. ಆದರೂ ವಿಧಿಗೆ ಧಕ್ಕೆಯಿಲ್ಲ. ಇತರರ ಗುಟ್ಟು ಕೆದಕುವುದನ್ನು ಸೂರಃ ಅಲ್‌ಹುಜುರಾತ್‌ನ 12ನೇ ಸೂಕ್ತ ನೇರವಾಗಿ ನಿಷೇಧಿಸಿದೆ. ಲಕೋಟೆ ಒಡೆಯದೆಯೂ ಗುಟ್ಟು ಬಯಲಾಗುತ್ತದೆ. ‘ನಿನಗೆ ಕೋರ್ಟಿನಿಂದ ಏನೋ ಬಂದಿದೆಯಲ್ಲ’ ಎಂದು ಹತ್ತು ಜನರ ನಡುವೆ ಕೂಗುವುದು, ಲಕೋಟೆಯ ಫೋಟೋವನ್ನು ಎಲ್ಲರಿರುವ ವಾಟ್ಸಾಪ್ ಗುಂಪಿಗೆ ಹಾಕುವುದು ಇದೇ ಜಾತಿಯವು. ಸೊಸೆಯ ಹೆಸರಿಗೆ ತವರಿನಿಂದಲೋ ಬ್ಯಾಂಕಿನಿಂದಲೋ ಬಂದದ್ದನ್ನು ಮೊದಲು ತಾನು ಒಡೆಯುವ ಅತ್ತೆ ಮಾವಂದಿರೂ ಈ ಸೂಕ್ತವನ್ನು ಓದಿಕೊಳ್ಳಲಿ.

ಇನ್ನು ನಡೆಸುವ ರೀತಿ. ಒಂದು ಪುಸ್ತಕವಿರಲಿ. ಬಂದ ದಿನ, ಯಾರಿಗೆ, ಲಕೋಟೆಯ ಮೇಲಿನ ಸಂಖ್ಯೆ, ತಿಳಿಸಿದ ದಿನ, ಪಡೆದವನ ಸಹಿ ಇಷ್ಟು ಸಾಕು. ಸಾಲವನ್ನು ಬರೆದಿಡಬೇಕೆಂದು ಸೂರಃ ಅಲ್‌ಬಕರದ 282ನೇ ಸೂಕ್ತ ಅಷ್ಟು ವಿಸ್ತಾರವಾಗಿ ಕಲಿಸಿರುವಾಗ, ಬರೆಯುವುದು ಅಪನಂಬಿಕೆಯೆಂದು ಯಾರೂ ಮುನಿಸಿಕೊಳ್ಳಬೇಕಾಗಿಲ್ಲ. ಅಂಚೆ ಬಂದ ದಿನವೇ ವಿಳಾಸದಾರನೊಬ್ಬನಿಗೇ ಫೋನ್ ಮಾಡಿ. ಮುಹಮ್ಮದ್, ಇಬ್ರಾಹೀಮ್ ಹೆಸರಿನವರು ಒಂದು ವಿಳಾಸದಲ್ಲಿ ಮೂವರಿದ್ದರೂ ಆಶ್ಚರ್ಯವಿಲ್ಲವಾದ್ದರಿಂದ ತಂದೆಯ ಹೆಸರನ್ನೋ ವ್ಯಾಪಾರದ ಹೆಸರನ್ನೋ ನೋಡಿಯೇ ಕೊಡಿ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ ಅಂಚೆಯು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿದೆ. ನೋಂದಣಿ ಸೌಲಭ್ಯ ಸೇರಿಸಿದ ಲಕೋಟೆಯನ್ನು ವಿಳಾಸದಾರನಿಗೆ ಅಥವಾ ಆತ ಅಧಿಕಾರ ಕೊಟ್ಟವನಿಗೆ ಮಾತ್ರ ಕೊಡಬೇಕು. ಆದುದರಿಂದ ಅಧಿಕಾರ ಪತ್ರವನ್ನು ಸೇರುವ ದಿನವೇ ಬರೆಸಿಕೊಳ್ಳಿ. ಅದು ಇಲ್ಲದಿದ್ದರೆ ಸಹಿ ಹಾಕಲೇಬೇಡಿ.

ಬಿಟ್ಟುಹೋದವನಿಗೆ ಅಂಚೆ ಬಂದರೆ, ಇಲ್ಲಿಲ್ಲವೆಂದು ಲಕೋಟೆಯ ಮೇಲೆ ಬರೆದು ಅಂಚೆಯವನಿಗೇ ಮರಳಿಸಬಹುದು. ಹೊಸ ವಿಳಾಸ ಗೊತ್ತಿದ್ದರೆ ಅದನ್ನೂ ಬರೆಯಿರಿ. ಬಾಡಿಗೆ ಬಾಕಿಯಿದೆಯೆಂದು ಅವನ ಕಾಗದ ತಡೆದಿಡುವ ಹಕ್ಕು ನಿಮಗಿಲ್ಲ, ಬಾಕಿಯನ್ನು ಬೇರೆಯಾಗಿಯೇ ಕೇಳಿ. ಆತ ತೀರಿಕೊಂಡಿದ್ದರೆ ನಿಮ್ಮಲ್ಲಿ ಉಳಿದ ಲಕೋಟೆಗಳು ವಾರಸುದಾರರವು. ಅದರಲ್ಲಿ ಅವನ ಸಾಲದ ವಿವರವಿರಬಹುದು, ವಾರಸು ಹಂಚುವ ಮೊದಲು ಸಾಲ ತೀರಬೇಕು. ಜನಾಝಾ ಮುಗಿದ ವಾರದಲ್ಲೇ ಮನೆಯವರಿಗೆ ಮುಟ್ಟಿಸಿ ಪುಸ್ತಕದಲ್ಲಿ ಸಹಿ ಪಡೆಯಿರಿ.