ತಿಳಿ ನೀರೆಲ್ಲ ಕುಡಿಯುವ ನೀರಲ್ಲ

ನಮ್ಮ ದೇವರ ಹಿಪ್ಪರಗಿ ಸೀಮೆ ಬಿಸಿಲ ನಾಡು. ಒಂದು ಕೊಡ ನೀರಿನ ಬೆಲೆ ನಮಗೆ ಗೊತ್ತು. ಬಚ್ಚಲ ನೀರು ಗಟಾರಕ್ಕೆ ಹೋಗುವಾಗ ಹೊಟ್ಟೆ ಉರಿಯುತ್ತದೆ. 'ಇದನ್ನ ಮತ್ತ ಬಳಸಬಹುದೇನವ್ವಾ?' ಅಂತ ಕೇಳ್ತೀವಿ. ಬಳಸಬಹುದು. ಆದರೆ ಎಲ್ಲದಕ್ಕೂ ಅಲ್ಲ.

ಹೊಲಸು ನೀರಿನಲ್ಲಿ ಏನೇನು ಇರುತ್ತದೆ? ಕಣ್ಣಿಗೆ ಕಾಣುವ ಕಸ ಇರುತ್ತದೆ. ಕಣ್ಣಿಗೆ ಕಾಣದ ರೋಗಾಣು ಇರುತ್ತವೆ. ಕರಗಿದ ಗೊಬ್ಬರದ ಸತ್ವವೂ ಇರುತ್ತದೆ. ಇದರಲ್ಲಿ ಸಾರಜನಕ, ರಂಜಕ ಮುಖ್ಯ. ಈ ಸತ್ವ ಬೆಳೆಗೆ ಬೇಕು. ಕೆರೆಗೆ ಹೆಚ್ಚಾಗಿ ಸೇರಿದರೆ ಪಾಚಿ ಬೆಳೆಯುತ್ತದೆ, ಮೀನು ಸಾಯುತ್ತವೆ.

ಪಟ್ಟಣಗಳಲ್ಲಿ ಹೊಲಸು ನೀರನ್ನು ಶುದ್ಧ ಮಾಡುವ ಘಟಕಗಳಿವೆ. ಅಲ್ಲಿ ನೀರು ತಿಳಿಯಾಗುತ್ತದೆ. ಆದರೂ ರೋಗಾಣು, ಸತ್ವ ಸ್ವಲ್ಪ ಉಳಿಯುತ್ತವೆ. ಅವನ್ನು ತೆಗೆಯಲು ಏನು ಬೇಕು?

ಉಸುಕು: ನೀರು ಸಾವಕಾಶ ಇಳಿದರೆ ಉಸುಕಿನ ಮೇಲೆ ಲೋಳೆಯ ಪದರು ಕಟ್ಟುತ್ತದೆ. ಅದರಲ್ಲಿನ ಸಣ್ಣ ಜೀವಿಗಳು ರೋಗಾಣುಗಳನ್ನು ತಿನ್ನುತ್ತವೆ.
ಇದ್ದಲಿ: ವಾಸನೆ, ಬಣ್ಣ ಹೀರುತ್ತದೆ.
ಸುಣ್ಣ, ಪಟಿಕ: ರಂಜಕವನ್ನು ಹಿಡಿದು ತಳಕ್ಕೆ ಕೂರಿಸುತ್ತವೆ.
ಜೊಂಡು ಹುಲ್ಲು: ಬೇರಿನಿಂದ ಸತ್ವ ಹೀರಿ ಬೆಳೆಯುತ್ತದೆ.
ಕ್ಲೋರಿನ್: ರೋಗಾಣು ಕೊಲ್ಲುತ್ತದೆ. ಸತ್ವ ತೆಗೆಯುವುದಿಲ್ಲ.

ಬೆಂಗಳೂರಿನ ಜಕ್ಕೂರು ಕೆರೆಗೆ ಇಂಥ ಘಟಕದ ನೀರು ಬರುತ್ತದೆ. ಮೊದಲು ಅದು ಜೊಂಡು ಬೆಳೆದ ಜೌಗಿನಲ್ಲಿ ಹಾಯುತ್ತದೆ. ಆಮೇಲೆ ಕೆರೆ ಸೇರುತ್ತದೆ. ಜೊಂಡನ್ನು ಆಗಾಗ ಕೊಯ್ದು ಹೊರಗೆ ಹಾಕಬೇಕು. ಅಲ್ಲೇ ಕೊಳೆತರೆ ಸತ್ವ ಮತ್ತೆ ನೀರಿಗೇ ಸೇರುತ್ತದೆ.

ನಮ್ಮ ಮನೆಯಲ್ಲಿ ಏನು ಮಾಡೋಣ? ಗುಂಡಿ ತೋಡಿ ಖಡಿ, ಉಸುಕು ತುಂಬೋಣ. ಬಚ್ಚಲ ನೀರನ್ನು ಅದರಲ್ಲಿ ಹಾಯಿಸಿ ಬಾಳೆ, ನುಗ್ಗೆ ಗಿಡಕ್ಕೆ ಬಿಡೋಣ. ಹಸಿಯಾಗಿ ತಿನ್ನುವ ಮೂಲಂಗಿ, ಕೊತ್ತಂಬರಿಗೆ ಬೇಡ. ಕುಡಿಯುವ ಬಾವಿ, ಬೋರಿನ ಹತ್ತಿರ ಗುಂಡಿ ಬೇಡ.

'ಕುದಿಸಿ ಕುಡಿದರ ಆತಲ್ಲ' ಅಂತೀರಾ? ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಆದರೆ ಸಾರಜನಕದಿಂದ ಆಗುವ ನೈಟ್ರೇಟ್ ಹೋಗುವುದಿಲ್ಲ. ಹೊಲಸು ನೀರು ಇಂಗಿದರೆ ಅದು ಬಾವಿಗೂ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಎಳೆಕೂಸಿಗೆ ಅಪಾಯ. ಕೂಸಿನ ತುಟಿ, ಉಗುರು ನೀಲಿ ಆಗಬಹುದು. ಆಗ ತಡ ಮಾಡದೆ ದವಾಖಾನೆಗೆ ಒಯ್ಯಬೇಕು.

ಅಕ್ಕಂದಿರೇ, ನೀರು ತಿಳಿ ಇದೆ ಅಂತ ನಂಬುವುದು ಬೇಡ. ಪಂಚಾಯಿತಿಗೆ ಹೋಗಿ ನೀರಿನ ಪರೀಕ್ಷೆ ಮಾಡಿಸಿರಿ ಅಂತ ಕೇಳೋಣ. ಬಂದ ಚೀಟಿಯನ್ನು ನಾವೇ ಓದೋಣ.

ಮಾತಾಡೋಣ:
1. ಕುದಿಸಿದರೂ ಹೋಗದೇ ಇರುವುದು ಯಾವುದು?
2. ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?
3. ನಿಮ್ಮ ಓಣಿಯ ಬೋರಿನ ಹತ್ತಿರ ಗಟಾರ ಇದೆಯೇ?