ಒಂದೊಂದಾಗಿ ನೋಡಿದರೆ ಎಲ್ಲವೂ ಪಾಸ್

ಮನೆ ಹುಡುಕುವಾಗ ನಾವು ಬಾಡಿಗೆ ಎಷ್ಟು, ಬಸ್ಸು ಇದೆಯಾ, ಇಂಡಿಯನ್ ಸ್ಟೋರ್ ಹತ್ತಿರಾನಾ ಅಂತ ಕೇಳ್ತೀವಿ. ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ಕೇಳೋದಿಲ್ಲ. ಹ್ಯೂಸ್ಟನ್ನಿನ ಶಿಪ್ ಚಾನೆಲ್ ಪಕ್ಕದಲ್ಲಿ ಮ್ಯಾಂಚೆಸ್ಟರ್ ಅನ್ನೋ ಬಡಾವಣೆ ಇದೆ. ತೈಲ ಶುದ್ಧೀಕರಣ ಘಟಕ, ರೈಲು ಹಳಿ, 610 ಹೆದ್ದಾರಿ ಎಲ್ಲವೂ ಅದರ ನೆರೆಹೊರೆ. ಘಟಕಗಳಿಗೆ ಪರವಾನಗಿ ಬೇರೆ ಬೇರೆ. ಉಸಿರಾಡುವ ಶ್ವಾಸಕೋಶ ಒಂದೇ ತಾನೆ?

ಲೆಕ್ಕ ಹೀಗೆ. ಗಾಳಿಯಲ್ಲಿರುವ ವಸ್ತುವಿನ ಪ್ರಮಾಣವನ್ನು, ಜೀವಮಾನವಿಡೀ ಉಸಿರಾಡಿದರೂ ತೊಂದರೆಯಾಗದು ಎಂದು ಅಂದಾಜಿಸಿರುವ ಪ್ರಮಾಣದಿಂದ ಭಾಗಿಸಬೇಕು. ಶ್ವಾಸಕೋಶವನ್ನೇ ಬಾಧಿಸುವ ಮೂರು ವಸ್ತುಗಳಿಗೆ 0.5, 0.4, 0.6 ಬಂತು ಅಂದುಕೊಳ್ಳಿ. ಯಾವುದೂ 1 ಮುಟ್ಟಿಲ್ಲ, ಎಲ್ಲವೂ ಪಾಸ್. ಕೂಡಿದರೆ 1.5! ಇದೇ ಅಪಾಯ ಸೂಚ್ಯಂಕ. 1 ದಾಟಿದ ಮಾತ್ರಕ್ಕೆ ಕಾಯಿಲೆ ಬಂತು ಅಂತಲ್ಲ, ಹತ್ತಿರದಿಂದ ನೋಡಬೇಕು ಅಂತ. ಬೆಂಜೀನ್, 1,3-ಬ್ಯೂಟಾಡೈಯೀನ್‌ನಂಥ ಕ್ಯಾನ್ಸರ್‌ಕಾರಕಗಳಿಗೆ ಬೇರೆ ಲೆಕ್ಕ: ಹತ್ತು ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ಬರಬಹುದು ಅಂತ. ಅದನ್ನೂ ಕೂಡುತ್ತಾರೆ.

ಇಷ್ಟು ಕೂಡಿದರೂ ಹಳೆಯ ಹೊರೆ ಲೆಕ್ಕಕ್ಕೆ ಸಿಗೋದಿಲ್ಲ. ಪಶ್ಚಿಮ ಡಲ್ಲಾಸ್‌ನ ಸೀಸದ ಕುಲುಮೆ 1984ರಲ್ಲೇ ಮುಚ್ಚಿತು. ಸೀಸ ಮಾತ್ರ ಮಣ್ಣಲ್ಲೇ ಉಳಿಯಿತು. 1995ರಲ್ಲಿ ಆ ಜಾಗ ಸೂಪರ್‌ಫಂಡ್ ಪಟ್ಟಿಗೆ ಸೇರಿತು. ಅಲ್ಲಿ ಬೆಳೆದ ಮಕ್ಕಳ ಮೂಳೆಯಲ್ಲಿ ಕೂತ ಸೀಸ ಇವತ್ತಿನ ಗಾಳಿ ಮಾಪಕಕ್ಕೆ ಹೇಗೆ ಕಂಡೀತು?

ಪೂರ್ವ ಆಸ್ಟಿನ್ ನಿವಾಸಿಗಳು ಮನೆಗಳ ಪಕ್ಕದಲ್ಲಿದ್ದ ಪೆಟ್ರೋಲ್ ಟ್ಯಾಂಕ್‌ಗಳನ್ನು 1990ರ ದಶಕದ ಆರಂಭದಲ್ಲಿ ಹೋರಾಡಿ ತೆಗೆಸಿದರು. ಈಗ ಅಲ್ಲಿನ ಬಾಡಿಗೆ ನಮ್ಮ ಕೈಗೆಟುಕೋದಿಲ್ಲ, ಅದು ಬೇರೆ ಕಥೆ.