ಕಾಣದ ಬಿಳುಪಿಗೆ ಯಾಕೆ ದುಡ್ಡು?

ಕಾಶಿಗಿಂತ ನಮ್ಮ ಸಂಗಮ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದು ತಿ. ನರಸೀಪುರದವರ ಹಳೆಯ ಹೆಮ್ಮೆ. ಅಲ್ಲಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲೂ ಗುಲಗಂಜಿ ಇದೆ. ಅಕ್ಕಸಾಲಿಗರು ತಲೆಮಾರುಗಳ ಕಾಲ ಚಿನ್ನ ತೂಗಿದ್ದು ಇದೇ ಬೀಜದಿಂದ. ಒಂದು ಗುಲಗಂಜಿ ಸುಮಾರು 120 ಮಿಲಿಗ್ರಾಂ. ವಜ್ರಕ್ಕೆ ಈಗ ಕ್ಯಾರೆಟ್ಟಿನ ಲೆಕ್ಕ: ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಒಂದು ಸೆಂಟು. ಹಾಗಾಗಿ ನಿಶ್ಚಿತಾರ್ಥದ ಉಂಗುರಕ್ಕೆಂದು ತೋರಿಸುವ 50 ಸೆಂಟಿನ ಹರಳು ಒಂದು ಗುಲಗಂಜಿಯಷ್ಟೂ ತೂಗುವುದಿಲ್ಲ. ಆದರೆ ಅದರ ಸರ್ಟಿಫಿಕೇಟಿನಲ್ಲಿ ಬಣ್ಣದ ಮುಂದಿರುವ ಒಂದು ಇಂಗ್ಲಿಷ್ ಅಕ್ಷರ ಬದಲಾದರೆ ಸಾಕು, ಬೆಲೆ ಸಾವಿರಗಟ್ಟಲೆ ಏರುತ್ತದೆ ಅಥವಾ ಇಳಿಯುತ್ತದೆ. ಆ ಅಕ್ಷರಕ್ಕೆ ನಾವು ಎಷ್ಟು ಕೊಡಬೇಕು?

ಮಗನ ನಿಶ್ಚಿತಾರ್ಥದ ಹೊತ್ತಿಗೆ ಈ ಪ್ರಶ್ನೆ ನನ್ನ ಜೇಬಿಗೇ ಬಂತು. ನಾವು ನಂಜನಗೂಡಿನವರು, ಬೀಗರು ನರಸೀಪುರದವರು. ಸೊಸೆಯಾಗುವ ಹುಡುಗಿ ಕೇಳಿದ್ದು ಒಂಟಿ ಹರಳಿನ ಉಂಗುರ, ಅದೂ ಹಳದಿ ಚಿನ್ನದಲ್ಲಿ. ಮೈಸೂರಿನ ಅಶೋಕ ರಸ್ತೆಯ ಅಂಗಡಿಗಳನ್ನು ಸುತ್ತಿ ಕೊನೆಗೆ ಆರಿಸಿದ್ದು ‘ಕೆ’ ಬಣ್ಣದ ಹರಳು. ಅಂಗಡಿಯವರು ಮೊದಲು ಅದನ್ನು ತೋರಿಸಲೇ ಇಲ್ಲ, ಕೇಳಿದ ಮೇಲೆ ಒಳಗಿನಿಂದ ತಂದರು. ಬೀಗಿತ್ತಿ ಅದನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ, “ಒಂಚೂರು ಹಳದಿ ಹೊಡೀತದಲ್ವಾ ಬೀಗರೆ?” ಎಂದರು. ಹೊಡೆಯುತ್ತಿತ್ತು, ನಿಜ. ಅದೇ ಹರಳನ್ನು ಚಿನ್ನದ ಕಟ್ಟಿನಲ್ಲಿ ಕೂರಿಸಿ ಹುಡುಗಿಯ ಬೆರಳಿಗಿಟ್ಟಾಗ, ಪಕ್ಕದ ‘ಜಿ’ ಬಣ್ಣದ ಉಂಗುರ ಯಾವುದು, ಇದು ಯಾವುದು ಎಂದು ಅವರಿಗೂ ಹೇಳಲಾಗಲಿಲ್ಲ.

ಇದರ ಹಿಂದೆ ಕಣ್ಕಟ್ಟೇನೂ ಇಲ್ಲ. ವಜ್ರದ ಬಣ್ಣಕ್ಕೆ ಇಂದು ಜಗತ್ತು ಬಳಸುವ ಅಳತೆಯನ್ನು ಅಮೆರಿಕದ ಜಿಐಎ ಸಂಸ್ಥೆ 1950ರ ದಶಕದಲ್ಲಿ ರೂಪಿಸಿತು. ಹಳೆಯ ವ್ಯಾಪಾರಿಗಳು ಎ, ಬಿ, ಸಿ ಅಕ್ಷರಗಳನ್ನು ತಮಗೆ ತೋಚಿದಂತೆ ಬಳಸಿ ಕೆಡಿಸಿದ್ದರಿಂದ ಇದು ‘ಡಿ’ಯಿಂದ ಶುರುವಾಗಿ ‘ಝಡ್’ವರೆಗೆ ಹೋಗುತ್ತದೆ. ಡಿ, ಇ, ಎಫ್ ಎಂದರೆ ಬಣ್ಣವೇ ಇಲ್ಲ. ಜಿಯಿಂದ ಜೆವರೆಗೆ ಇಲ್ಲವೆನ್ನುವಷ್ಟು ಕಡಿಮೆ. ಕೆ, ಎಲ್, ಎಂ ಎಂದರೆ ತೆಳು ಛಾಯೆ. ಈ ಹಳದಿಗೆ ಮುಖ್ಯ ಕಾರಣ ಹರಳಿನೊಳಗೆ ಸೇರಿಕೊಂಡ ಸಾರಜನಕ. ಅದರಿಂದ ಗಟ್ಟಿತನಕ್ಕಾಗಲಿ ಬಾಳಿಕೆಗಾಗಲಿ ಕುಂದಿಲ್ಲ. ಪ್ರಯೋಗಾಲಯದಲ್ಲಿ ಬಿಡಿ ಹರಳನ್ನು ಮುಖ ಕೆಳಗೆ ಮಾಡಿ, ನಿಗದಿತ ಬೆಳಕಿನಲ್ಲಿ, ಮಾದರಿ ಹರಳುಗಳ ಪಕ್ಕದಲ್ಲಿಟ್ಟು ಬಣ್ಣ ಗುರುತಿಸುತ್ತಾರೆ. ಛಾಯೆ ಚೆನ್ನಾಗಿ ಕಾಣುವುದು ಹಾಗೆ ನೋಡಿದಾಗಲೇ. ಮದುವೆ ಮನೆಯಲ್ಲಿ ಉಂಗುರವನ್ನು ಯಾರೂ ಬೋರಲು ಹಾಕಿ ನೋಡುವುದಿಲ್ಲ. ಮೇಲಿನಿಂದ ಕಾಣುವುದು ಹೊಳಪು. ಆ ಹೊಳಪು ಬರುವುದು ಕಟಿಂಗಿನಿಂದ.

ಅದರ ಮೇಲೆ ನಮ್ಮವರು ತೊಡುವುದು ಹಳದಿ ಚಿನ್ನ. ಸುತ್ತಲಿನ ಚಿನ್ನದ ಬಣ್ಣ ಎಂಥ ಹರಳಿನೊಳಗೂ ಇಣುಕುತ್ತದೆ. ಡಿ ಬಣ್ಣದ ಹರಳಿಗೆ ದುಬಾರಿ ಬೆಲೆ ತೆತ್ತು ಅದನ್ನು ಚಿನ್ನದ ನಡುವೆ ಕೂರಿಸಿದರೆ ಕೊಂಡ ಬಿಳುಪಿನಲ್ಲಿ ಒಂದಷ್ಟನ್ನು ಚಿನ್ನವೇ ನುಂಗುತ್ತದೆ. ಅಜ್ಜಿಯರ ವಜ್ರದ ಓಲೆ, ಬೇಸರಿಗಳಲ್ಲಿ ಎಷ್ಟೋ ಹರಳುಗಳ ಹಿಂಬದಿಯೂ ಚಿನ್ನದಿಂದ ಮುಚ್ಚಿರುತ್ತಿತ್ತು. ದೀಪದ ಬೆಳಕಿನಲ್ಲಿ ಅವು ಜೇನುಬಣ್ಣಕ್ಕೆ ಹೊಳೆದರೆ ಅದನ್ನು ಯಾರೂ ದೋಷವೆಂದು ಎಣಿಸಲಿಲ್ಲ.

ಹಳೆಯ ವಜ್ರದ ವ್ಯಾಪಾರಿಗಳ ಬಾಯಲ್ಲಿ ‘ಬ್ಲೂ ಜಾಗರ್’ ಎಂಬ ಮಾತು ಈಗಲೂ ಕೇಳುತ್ತದೆ. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೀನ್ ಗಣಿಯಿಂದ ಬಂದ ಹೆಸರು ಅದು. ಬಿಸಿಲಿಗೆ ನೀಲಿ ಛಾಯೆ ಬೀರುವ ಹರಳು ದಕ್ಷಿಣ ಭಾರತದವರಿಗೆ ಅಚ್ಚುಮೆಚ್ಚು. ನೇರಳಾತೀತ ಕಿರಣ ಬಿದ್ದಾಗ ಕೆಲವು ವಜ್ರಗಳು ಹೊರಸೂಸುವ ನೀಲಿ ಬೆಳಕು, ಅಂದರೆ ಫ್ಲೋರೆಸೆನ್ಸ್, ಇದಕ್ಕೆ ಕಾರಣ. ಹಳದಿ ಛಾಯೆಯ ಹರಳಿನಲ್ಲಿ ಈ ನೀಲಿ ಇದ್ದರೆ ಹಳದಿಯನ್ನು ಒಂದಿಷ್ಟು ಅಳಿಸುತ್ತದೆ. ಜಿಐಎ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ನೀಲಿ ಫ್ಲೋರೆಸೆನ್ಸ್ ಬಲವಾಗಿದ್ದ ಹರಳುಗಳ ಬಣ್ಣ ಮೇಲಿನಿಂದ ನೋಡುವಾಗ ಉತ್ತಮವಾಗಿ ಕಂಡಿತ್ತು. ಸರ್ಟಿಫಿಕೇಟಿನಲ್ಲಿ ಇದಕ್ಕೊಂದು ಸಾಲೇ ಇರುತ್ತದೆ. ಅದು ಅತಿಯಾದರೆ ಅಪರೂಪಕ್ಕೆ ಹರಳು ಹಾಲು ಬೆರೆಸಿದಂತೆ ಮಂಕಾಗುವುದೂ ಉಂಟು. ಹಾಗಾಗಿ ಅಂಗಡಿಯ ದೀಪ ಬಿಟ್ಟು ಬಾಗಿಲಾಚೆಯ ಬಿಸಿಲಿಗೆ ತಂದು ನೋಡಿ.

ಬಣ್ಣವೆಂದರೆ ಕೊರತೆ ಎನ್ನುವುದು ಮಾರುಕಟ್ಟೆಯ ಮಾತೇ ಹೊರತು ಕಲ್ಲಿನ ಗುಣವಲ್ಲ. ಟಿಪ್ಪು ಸುಲ್ತಾನ್ ಕೊಟ್ಟನೆಂದು ಹೇಳುವ ನಂಜನಗೂಡಿನ ಪಚ್ಚೆಲಿಂಗಕ್ಕೆ ನಾವು ಕೈಮುಗಿಯುತ್ತೇವೆ. ಪಚ್ಚೆಯಲ್ಲಿ ಬಣ್ಣ ದಟ್ಟವಾದಷ್ಟೂ ಬೆಲೆ. ವಜ್ರದಲ್ಲಿ ‘ಝಡ್’ವರೆಗೆ ಬಣ್ಣ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ. ಅದನ್ನೂ ದಾಟಿ ಹಳದಿ ಗಾಢವಾದರೆ ‘ಫ್ಯಾನ್ಸಿ’ ಎಂಬ ಪಟ್ಟ ಸಿಕ್ಕಿ ಬೆಲೆ ಮತ್ತೆ ಏರುತ್ತದೆ.

ಇನ್ನು ಹಣದ ಮಾತು. ನರಸೀಪುರದ ಬ್ಯಾಂಕ್ ಶಾಖೆಯೊಂದರಲ್ಲಿ ಚಿನ್ನದ ಸಾಲದ ಮೇಜಿನ ಹಿಂದೆ ಕೂತು ಕೆಲಸ ಮಾಡಿದವನು ನಾನು. ನಾಟಿಗೆ, ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ಜನ ಒಡವೆ ಬಿಚ್ಚಿ ಕೊಡುವಾಗ ಪರೀಕ್ಷಕರು ಮಾಡುತ್ತಿದ್ದ ಮೊದಲ ಕೆಲಸವೇ ಕಲ್ಲಿನ ತೂಕ ಕಳೆಯುವುದು. “ಸಾರ್, ವಜ್ರಕ್ಕೇ ಎಷ್ಟೊಂದು ಕೊಟ್ಟಿದೀವಿ” ಎಂದು ಅಲವತ್ತುಕೊಂಡರೂ ಪ್ರಯೋಜನವಿರಲಿಲ್ಲ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳೂ ಇದನ್ನೇ ಹೇಳುತ್ತವೆ: ಆಭರಣದಲ್ಲಿರುವ ಚಿನ್ನದ ಬೆಲೆಯಷ್ಟೇ ಲೆಕ್ಕಕ್ಕೆ, ಹರಳುಗಳ ಬೆಲೆ ಸೇರಿಸುವಂತಿಲ್ಲ.

ಒಂದು ಲೆಕ್ಕ ಹಾಕೋಣ. 18 ಕ್ಯಾರೆಟ್ ಚಿನ್ನದ ಎರಡು ಉಂಗುರ, ಒಂದೊಂದರ ಒಟ್ಟು ತೂಕ 4 ಗ್ರಾಂ, ಎರಡರಲ್ಲೂ 50 ಸೆಂಟಿನ ಹರಳು. ಒಂದು ‘ಡಿ’, ಇನ್ನೊಂದು ‘ಕೆ’. ಹರಳಿನ 0.1 ಗ್ರಾಂ ಕಳೆದರೆ ಉಳಿಯುವುದು 3.9 ಗ್ರಾಂ. 22 ಕ್ಯಾರೆಟ್ಟಿನ ಲೆಕ್ಕಕ್ಕೆ ತಂದರೆ ಸುಮಾರು 3.19 ಗ್ರಾಂ. ಎರಡು ಉಂಗುರಕ್ಕೂ ಸಿಗುವ ಸಾಲ ಒಂದೇ. ಕೊಳ್ಳುವಾಗ ಮಾತ್ರ, ಬಿಳುಪಿಗೆಂದು ಹೆಚ್ಚಿಗೆ ಕೊಟ್ಟ ಪ್ರತಿ 50,000 ರೂಪಾಯಿಯ ಮೇಲೆ ಶೇ 3ರಂತೆ 1,500 ರೂಪಾಯಿ ಜಿಎಸ್‌ಟಿ ಬೇರೆ. ಆ ತೆರಿಗೆ ಒಡವೆ ಮಾರಿದರೂ ವಾಪಸ್ ಬರುವುದಿಲ್ಲ. ನಾವು ಬಣ್ಣದಲ್ಲಿ ಉಳಿಸಿದ ಹಣಕ್ಕೆ ಹುಡುಗಿಯ ಹೆಸರಿನಲ್ಲೇ ಚಿನ್ನದ ನಾಣ್ಯ ಕೊಂಡೆವು. ಆಪತ್ತಿಗೆ ಆಗುವುದು ಅದೇ.

ಹಾಗೆಂದು ಕಡಿಮೆ ದರ್ಜೆಯ ಬಣ್ಣ ಎಲ್ಲ ಕಡೆಗೂ ಹೊಂದುವುದಿಲ್ಲ. ಪ್ಲಾಟಿನಂ ಅಥವಾ ಬಿಳಿ ಚಿನ್ನದ ಉಂಗುರದಲ್ಲಿ ಕೆ ಬಣ್ಣ ಎದ್ದು ಕಾಣುತ್ತದೆ, ಅಲ್ಲಿ ಜಿ ಅಥವಾ ಎಚ್ ವಾಸಿ. ಹರಳು ದೊಡ್ಡದಾದಷ್ಟೂ ಛಾಯೆ ಹೆಚ್ಚು ಗೋಚರ. ಎಮರಾಲ್ಡ್ ಕಟ್‌ನಂಥ ಮೆಟ್ಟಿಲು ಕಟಿಂಗಿನಲ್ಲೂ ಬಣ್ಣ ಅಡಗುವುದಿಲ್ಲ, ದುಂಡು ಬ್ರಿಲಿಯಂಟ್ ಆದರೆ ಚೆನ್ನಾಗಿ ಮರೆಸುತ್ತದೆ. ಓಲೆಗಾದರೆ ಎರಡು ಕಿವಿಯ ಹರಳೂ ಒಂದೇ ಬಣ್ಣದ್ದಿರಲಿ. ಹಳದಿಯ ಬದಲು ಕಂದು ಛಾಯೆಯಿದ್ದರೆ ನನಗೆ ಬೇಡ. ವಂಕಿ ಉಂಗುರದ ಪುಟ್ಟ ಹರಳುಗಳಿಗೆ ಸಾಮಾನ್ಯವಾಗಿ ಬಿಡಿಬಿಡಿ ಸರ್ಟಿಫಿಕೇಟ್ ಇರುವುದಿಲ್ಲ, ‘ಇಎಫ್’, ‘ಜಿಎಚ್’, ‘ಐಜೆ’ ಎಂದು ಗುಂಪಾಗಿ ಮಾರುತ್ತಾರೆ. ಹಳದಿ ಚಿನ್ನಕ್ಕೆ ‘ಐಜೆ’ ಧಾರಾಳವಾಗಿ ಸಾಕು.

ಕಟಿಂಗಿನಲ್ಲಿ ಮಾತ್ರ ಚೌಕಾಸಿ ಬೇಡ. ಸರ್ಟಿಫಿಕೇಟಿನಲ್ಲಿ ಕಟ್, ಪಾಲಿಶ್, ಸಿಮೆಟ್ರಿ ಮೂರೂ ‘ಎಕ್ಸಲೆಂಟ್’ ಇರಲಿ. ಎಚ್‌ಯುಐಡಿ ಇರುವ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗಷ್ಟೇ ಗುರುತು, ವಜ್ರಕ್ಕೆ ಅದು ಖಾತರಿಯಲ್ಲ. ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ, ಬಣ್ಣ, ಹರಳು ಗಣಿಯದೋ ಲ್ಯಾಬಿನದೋ ಎಂಬುದು ಬೇರೆಬೇರೆಯಾಗಿ ಬರೆದಿರಬೇಕು. ವಾಪಸ್ ಕೊಟ್ಟರೆ ಎಷ್ಟು ಕಳೆಯುತ್ತಾರೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆ ಅಂಗಡಿಯ ಮೆಟ್ಟಿಲಿಳಿಯುವವರೆಗೆ.

ವಜ್ರವನ್ನು ಆಸ್ತಿಯೆಂದುಕೊಂಡು ಕೊಳ್ಳಬೇಡಿ. ಅದು ಸಂಭ್ರಮದ ಖರ್ಚು. ಖರ್ಚು ಮಾಡುವಾಗ ಕಣ್ಣಿಗೆ ಕಾಣುವುದಕ್ಕೆ ಕೊಡಿ, ಕಾಗದದಲ್ಲಷ್ಟೇ ಕಾಣುವ ಅಕ್ಷರಕ್ಕೆ ಬೇಡ. ಹಳದಿ ಚಿನ್ನದ ಉಂಗುರಕ್ಕೆ ಒಳ್ಳೆಯ ಕಟಿಂಗಿನ ಜೆ ಅಥವಾ ಕೆ ಹರಳು ಸಾಕು. ಮಿಕ್ಕ ದುಡ್ಡು ಚಿನ್ನಕ್ಕೋ ಬ್ಯಾಂಕಿನ ಠೇವಣಿಗೋ ಹೋಗಲಿ.